ತಟಾಕದ ಗುಣದೋಷಗಳೂ ತುಂಗಭದ್ರಾತೀರದ ಜಲವ್ಯವಸ್ಥೆಯೂ

ಸಿರುಗುಪ್ಪವೆಂಬ ಹೆಸರಿಗೆ ಸಿರಿಯ ಗುಪ್ಪೆ, ಎಂದರೆ ಐಶ್ವರ್ಯದ ರಾಶಿ, ಎಂದು ಇಂಗ್ಲಿಷರ ಕಾಲದ ಗ್ಯಾಸೆಟಿಯರುಗಳು ಅರ್ಥ ಹೇಳಿವೆ. ‘ಸಿರಿ’ಯು ‘ಸಿರು’ ಆದ ಬಗೆಯು ಶಬ್ದಶಾಸ್ತ್ರಜ್ಞರಿಗೆ ವಿಚಾರಣೀಯವಾಗಿದ್ದರೂ, ಆ ಅರ್ಥಕ್ಕೆ ಆಸ್ಪದವಾದ ವಸ್ತುಸ್ಥಿತಿಯಲ್ಲಿ ಸಂದೇಹವಿಲ್ಲ. ಸುತ್ತಲೂ ಮಳೆ ಕಡಮೆಯಾದ ಎರೆಯ ಬಯಲು. ನಡುವೆ ದೇಶನೂರಿನ ನಡುಗಡ್ಡೆಯನ್ನು ಬಳಸಿ ಹರಿಯುವ ತುಂಗಭದ್ರೆಯ ಕವಲು. ಹೊಳೆಯಿಂದ ತೆಗೆದ ಕಾಲುವೆಯ ಕೆಳಗೆ ಬತ್ತ, ತೆಂಗು, ಬಾಳೆಗಳ ಬೆಳೆ. ಈ ಊರಿನ ಸಿರಿಯು ಆಕಾಶದಿಂದ ಬಿದ್ದುದಲ್ಲ, ನೀರನ್ನು ತರುವ ಉಪಾಯದಿಂದ ಬಂದುದು.

ಕೌಟಿಲ್ಯನು ಸೇತುಗಳನ್ನು ಸಹೋದಕವೆಂದೂ ಆಹಾರ್ಯೋದಕವೆಂದೂ ವಿಭಾಗಿಸಿದ್ದಾನೆ. ಸ್ವತಃ ಊಟೆಯುಳ್ಳದ್ದು ಮೊದಲನೆಯದು. ಬೇರೆಡೆಯಿಂದ ನೀರನ್ನು ತಂದು ತುಂಬಿಸತಕ್ಕದ್ದು ಎರಡನೆಯದು. ವಿಜಯನಗರದ ಅರಸರು ತುಂಗಭದ್ರೆಯಲ್ಲಿ ಸಾಲಾಗಿ ಕಟ್ಟಿಸಿದ ಅಣೆಗಳು ಈ ಎರಡನೆಯ ಬಗೆಗೆ ಆಧಾರವಾದುವು. ಹೊಳೆಯ ಪಾತ್ರದಲ್ಲಿ ಸಹಜವಾಗಿರುವ ಬಂಡೆಗಳ ನಡುವಣ ಸಂದುಗಳನ್ನು ದೊಡ್ಡ ಕಲ್ಲುಗಳಿಂದ ಮುಚ್ಚಿ, ನೀರಿನ ಮಟ್ಟವನ್ನು ಕಾಲುವೆಯ ಬಾಯಿಗೆ ಏರುವಷ್ಟು ಮಾತ್ರ ಎತ್ತುವುದು ಇವುಗಳ ಕ್ರಮ. ಮಿಕ್ಕ ನೀರು ಅಣೆಯ ಮೇಲೆ ಹರಿದು ಕೆಳಗಿನ ಅಣೆಗೆ ಸಲ್ಲುವುದು. ಹೊಳೆಯನ್ನು ತಡೆಯದೆ ಅದರಿಂದ ಪಾಲನ್ನು ಮಾತ್ರ ತೆಗೆದುಕೊಳ್ಳುವ ಈ ವಿಧಾನದಿಂದಲೇ ಹಂಪೆಯಿಂದ ಸಿರುಗುಪ್ಪದವರೆಗೆ ಅನೇಕ ಕಾಲುವೆಗಳು ಒಂದೇ ನದಿಯಿಂದ ಜೀವಿಸಿದುವು. ತುರ್ತಾ ಕಾಲುವೆ ಮೊದಲಾದುವು ಇಂದಿಗೂ ಹರಿಯುತ್ತಿವೆ.

ರಾಜಧಾನಿಯು ಬೆಳೆದಂತೆಲ್ಲ ಜಲವ್ಯವಸ್ಥೆಯೂ ಬೆಳೆಯಿತು. ಹೊಲಗದ್ದೆಗಳಿಗೆ ಕಾಲುವೆ, ಸಂಗ್ರಹಕ್ಕೆ ಕಮಲಾಪುರದ ಕೆರೆ, ಅರಮನೆಯ ಆವರಣಕ್ಕೆ ಕಲ್ಲುಕಂಬಗಳ ಮೇಲೆ ನಿಂತ ಕಲ್ಲುದೋಣಿಗಳು, ಮಣ್ಣಿನ ಕೊಳವೆಗಳು, ಪುಷ್ಕರಿಣಿಗಳು ಎಂಬೀ ಪರಂಪರೆಯ ಅವಶೇಷಗಳು ಹಂಪೆಯಲ್ಲಿ ಕಾಣುತ್ತವೆ. ಕೃಷ್ಣದೇವರಾಯನು ಕಟ್ಟಿಸಿದ ದೊಡ್ಡ ಕೆರೆಯ ವಿಷಯದಲ್ಲಿ ಪೋರ್ತುಗೀಜನಾದ ನೂನಿಜನು ಹೇಳಿರುವ ಒಂದು ಮಾತು ಗಮನಾರ್ಹವಾದುದು. ಆ ನೀರಿನಿಂದ ಸಾಗುವಳಿಯಾಗುವ ಭೂಮಿಗೆ ರಾಯನು ಒಂಬತ್ತು ವರ್ಷ ಕರವನ್ನು ಬಿಟ್ಟುಕೊಟ್ಟನಂತೆ. ನೀರನ್ನು ತರುವುದರ ಜೊತೆಗೆ, ಅದನ್ನು ಬಳಸುವವನು ನೆಲೆಯೂರಲು ಅವಕಾಶವನ್ನು ಕಲ್ಪಿಸುವುದೂ ಯೋಜನೆಯ ಅಂಗವೆಂದು ಅಂದಿನವರು ಅರಿತಿದ್ದರು.

ಈ ಅರಿವಿನ ಶಾಸ್ತ್ರರೂಪವು ಕಡಪಾ ಪ್ರಾಂತದ ಪೋರುಮಾಮಿಳ್ಳದ ಸಂಸ್ಕೃತಶಾಸನದಲ್ಲಿ ದೊರೆಯುತ್ತದೆ. ಶಕವರ್ಷ 1291ರಲ್ಲಿ, ಎಂದರೆ ಕ್ರಿ.ಶ. 1369ರಲ್ಲಿ, ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರನು ಅಲ್ಲಿ ಕೆರೆಯನ್ನು ಕಟ್ಟಿಸಿದನು. ದಿನವೊಂದಕ್ಕೆ ಸಾವಿರ ಆಳುಗಳು ಎರಡು ವರ್ಷ ದುಡಿದರೆಂದು ಶಾಸನದ ಉಕ್ತಿ. ಉತ್ತಮ ತಟಾಕಕ್ಕೆ ಹನ್ನೆರಡು ಸಾಧನಗಳನ್ನು ಅದು ಎಣಿಸುತ್ತದೆ: ಧರ್ಮಿಷ್ಠನೂ ಧನವಂತನೂ ಆದ ಅರಸು, ಪಾಥಶ್ಶಾಸ್ತ್ರವನ್ನು ಬಲ್ಲ ವಿದ್ವಾಂಸ, ಗಟ್ಟಿಯಾದ ಜೇಡಿನೆಲ, ಸಿಹಿನೀರಿನ ಹೊಳೆ, ಅತಿದೀರ್ಘವಲ್ಲದ ದೃಢವಾದ ಕಲ್ಲಿನ ಏರಿ, ವಿಶಾಲವೂ ಆಳವೂ ಆದ ಒಡಲು, ಕುಶಲರಾದ ಕೆಲಸಗಾರರ ತಂಡ ಇವೇ ಮೊದಲಾದುವು. ದೋಷಗಳು ಆರು: ಏರಿಯಿಂದ ನೀರು ಜಿನುಗುವುದು, ಚೌಳುನೆಲ, ಎರಡು ರಾಜ್ಯಗಳ ಎಲ್ಲೆಯಲ್ಲಿರುವುದು, ಕೆರೆಯ ನಡುವೆ ದಿಬ್ಬ, ನೀರು ಸ್ವಲ್ಪವಾಗಿ ಭೂಮಿ ಬಹಳವಾಗಿರುವುದು, ಭೂಮಿ ಸ್ವಲ್ಪವಾಗಿ ನೀರು ಅತಿಯಾಗಿರುವುದು.

ಶಾಸನದ ಈ ಲಕ್ಷಣವನ್ನು ಕವಿಸಮಯದಂತೆ ಓದಿ ಬಿಡತಕ್ಕುದಲ್ಲ. ತುಂಗಭದ್ರಾ ಜಲಾಶಯದಿಂದ 1953ರಲ್ಲಿ ಕಾಲುವೆಗಳಿಗೆ ನೀರು ಹರಿದಾಗ ಅದರ ಒಡಲು ಸುಮಾರು 13,300 ಕೋಟಿ ಘನ ಅಡಿ ನೀರನ್ನು ಹಿಡಿಯುತ್ತಿದ್ದಿತು. ಹೂಳು ತುಂಬಿದ ಕಾರಣ ಈಚಿನ ಅಳತೆಯಲ್ಲಿ ಅದು ಸುಮಾರು 10,500 ಕೋಟಿಗೆ ಇಳಿದಿದೆ. ಒಡಲಿನ ಆಳವೆಂಬ ಸಾಧನವು ಹೀಗೆ ಕುಗ್ಗುತ್ತಿರಲು, ಕಾಲುವೆಯ ಕೆಳಗಿನ ಎರೆಭೂಮಿಯಲ್ಲಿ ಬತ್ತಕ್ಕೆ ಎಡೆಬಿಡದೆ ನೀರು ನಿಲ್ಲಿಸಿದೆಡೆ ಚೌಳು ತಲೆದೋರಿದೆ. ರಾಜ್ಯಗಳೊಳಗೆ ನೀರಿನ ಹಂಚಿಕೆಗಾಗಿ ಮಂಡಳಿಯೊಂದು ಬೇಕಾದುದು, ಎಲ್ಲೆಯ ದೋಷವು ಕಲ್ಪಿತವಲ್ಲವೆಂಬುದಕ್ಕೆ ಸಾಕ್ಷಿ. 2024ರ ಆಗಸ್ಟಿನಲ್ಲಿ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ, ಹರಿಯುವ ಪ್ರವಾಹದಲ್ಲಿಯೇ ತಡೆಹಲಗೆಗಳನ್ನು ಇಳಿಸಿ ನೀರನ್ನು ಉಳಿಸಿದವರು ಶಾಸನದ ಕೊನೆಯ ಸಾಧನವಾದ ಕುಶಲರ ತಂಡದವರೇ.

ಬಳ್ಳಾರಿ ನಗರವು ಇದೇ ಹೊಳೆಯನ್ನು ನಂಬಿದೆ. ಕಾಲುವೆಯು ವರ್ಷವಿಡೀ ಹರಿಯದಿರುವುದರಿಂದ ಅಲ್ಲೀಪುರದ ಕೆರೆಯಲ್ಲಿ ನೀರನ್ನು ತುಂಬಿಟ್ಟು ಊರಿಗೆ ಕೊಡುತ್ತಾರೆ; ಇದು ಶುದ್ಧವಾದ ಆಹಾರ್ಯೋದಕ. ತರುವ ನೀರಿನ ಮೇಲೆ ನಿಂತ ನಗರಕ್ಕೆ ಮೂಲದಲ್ಲಿ ಕಡಮೆಯಾದ ಪ್ರತಿಯೊಂದು ಅಂಶವೂ ಕೊನೆಯ ಕೊಳಾಯಿಯಲ್ಲಿ ಕಾಣುವುದು. ಆದುದರಿಂದ ನಗರವನ್ನು ಹಿಗ್ಗಿಸುವವರು ಕೊಳವೆಯ ಉದ್ದವನ್ನು ಲೆಕ್ಕಿಸುವ ಮುನ್ನ ಮೂರು ಲೆಕ್ಕಗಳನ್ನು ಮಾಡತಕ್ಕುದು: ಒಡಲಿನಲ್ಲಿ ಉಳಿದ ನೀರೆಷ್ಟು, ಅದನ್ನು ಕೇಳುವ ಭೂಮಿಯೆಷ್ಟು, ಕಾಲುವೆ ನಿಂತ ತಿಂಗಳುಗಳಿಗೆ ಕೆರೆಯಲ್ಲಿರುವ ಸಂಗ್ರಹವೆಷ್ಟು. ‘ನೀರು ಸ್ವಲ್ಪ, ಭೂಮಿ ಬಹಳ’ ಎಂಬ ಐದನೆಯ ದೋಷವು ಕೆರೆಯನ್ನು ಕಟ್ಟಿದ ದಿನ ಇಲ್ಲದಿದ್ದರೂ ಊರು ಬೆಳೆದಂತೆ ತಾನಾಗಿ ಒದಗಬಲ್ಲದು. ಉಳಿದ ದೋಷಗಳು ಹೆಚ್ಚಾಗಿ ಸ್ಥಳದವು. ಇದೊಂದು ಮನುಷ್ಯನು ವರ್ಷವರ್ಷವೂ ಕೂಡಿಸುತ್ತ ಹೋಗುವಂಥದು, ಆದಕಾರಣ ಅವನೇ ಕಳೆಯಬಹುದಾದುದು.