ಟಾಪು ಹೊಸದು, ಕಾರು ಮಾತ್ರ ಒದ್ದೆ!

ಮಲೆನಾಡಿನ ಹೆಂಚಿನ ಮನೆಗಳಲ್ಲಿ ಬಾಳಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಮಳೆಗಾಲಕ್ಕೆ ಮುನ್ನ ಆಳು ಮಾಡಿನ ಮೇಲೆ ಹತ್ತಿ ಹೆಂಚು ಕೈಯಾಡಿಸಿ ಇಳಿಯುತ್ತಾನೆ. ದೇವರ ಕೋಣೆಯಲ್ಲಿ ತೊಟ್ಟಿಕ್ಕುತ್ತಿದ್ದುದು ನಿಲ್ಲುತ್ತದೆ; ಮೊದಲ ದೊಡ್ಡ ಮಳೆಗೆ ಅಡಿಗೆಮನೆ ಸೋರತೊಡಗುತ್ತದೆ. ಒಡೆದ ಹೆಂಚನ್ನು ಬದಲಿಸಲು ಹೋದವನ ಕಾಲಡಿಯಲ್ಲಿ ಇನ್ನೊಂದು ಹೆಂಚು ಜರುಗಿರುತ್ತದೆ. ದೂರದ ಇಂಗ್ಲೆಂಡಿನಲ್ಲಿ, ಟಾಪು ಮಡಿಸಿ ಎಳೆಬಿಸಿಲಿನಲ್ಲಿ ಓಡಾಡಬೇಕೆಂದು ಪುಟ್ಟ ಕಾರು ಕೊಂಡವರು ಪಡುವ ಪಾಡೂ ಬಹುಮಟ್ಟಿಗೆ ಇದೇ ಜಾತಿಯದು.

ಮೋಟಾರು ಕಾರಿನ ಬಾಲ್ಯದಲ್ಲಿ ತೆರೆದ ಕಾರೇ ವಾಡಿಕೆಯಾಗಿತ್ತು. ಗಾಜು, ತಗಡುಗಳಿಂದ ಮುಚ್ಚಿದ ಕಾರು ಶ್ರೀಮಂತರ ಸೊತ್ತು. 1920ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳು ಮುಚ್ಚಿದ ಕಾರನ್ನು ಅಗ್ಗವಾಗಿ ತಯಾರಿಸಲು ಕಲಿತ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ತೆರೆದ ಕಾರು ಅಗತ್ಯವಾಗಿ ಉಳಿಯದೆ ಶೋಕಿಯ ವಸ್ತುವಾಯಿತು. ಈ ಶೋಕಿಯಲ್ಲಿ ಬ್ರಿಟಿಷರು ಎತ್ತಿದ ಕೈ. ಆದರೆ ಅವರ ಎಂ.ಜಿ.ಬಿ. ಕಾರಿನ ತಯಾರಿಕೆ 1980ರಲ್ಲಿ ನಿಂತುಹೋಯಿತು. ಬರಿದಾದ ಆ ಪೀಠವನ್ನೇರಿದ್ದು ಜಪಾನಿನ ಕಾರು: 1989ರಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಕಾಣಿಸಿಕೊಂಡ ಮಾಜ್ದಾ ಎಂ.ಎಕ್ಸ್.-5. 1960ರ ದಶಕದ ಲೋಟಸ್ ಎಲಾನ್ ಎಂಬ ಇಂಗ್ಲಿಷ್ ಕಾರನ್ನು ಕಣ್ಣೆದುರಿಗಿಟ್ಟುಕೊಂಡು ರೂಪಿಸಿದ ಈ ಎರಡು ಆಸನಗಳ ಕಾರು ಎಷ್ಟು ಜನಪ್ರಿಯವಾಯಿತೆಂದರೆ, 2016ರ ಏಪ್ರಿಲಿನಲ್ಲಿ ಹಿರೋಷಿಮಾದ ಕಾರ್ಖಾನೆಯಿಂದ ಹತ್ತು ಲಕ್ಷದ ಕಾರು ಹೊರಬಂದಿತು.

ಮೊದಲ ಪೀಳಿಗೆಯ ಆ ಕಾರುಗಳು ಈಗ ಹಳೆಯವು. ಬಟ್ಟೆ ಮಡಿಕೆಯಲ್ಲಿ ಹರಿಯುತ್ತದೆ. ಪ್ಲಾಸ್ಟಿಕ್ಕಿನ ಹಿಂಬದಿಯ ಕಿಟಕಿ ಹೊಗೆ ಕವಿದಂತೆ ಮಸುಕಾಗುತ್ತದೆ. ಒಡೆಯ ಒಂದಷ್ಟು ಹಣ ಕೂಡಿಟ್ಟು ಹೊಸ ಟಾಪು ಹಾಕಿಸುತ್ತಾನೆ. ನೆರೆಯವರು ಮೆಚ್ಚುತ್ತಾರೆ. ರಾತ್ರಿ ಮಳೆ ಬರುತ್ತದೆ. ಬೆಳಿಗ್ಗೆ ಬಾಗಿಲು ತೆಗೆದು ಕಾಲಿಟ್ಟರೆ ನೆಲಹಾಸು ಪಚಕ್ಕೆನ್ನುತ್ತದೆ! ಹಳೆಯ ಹರಕು ಟಾಪಿನಲ್ಲಿ ಬಾರದಿದ್ದ ನೀರು ಹೊಸದರಲ್ಲಿ ಬಂತೆಂದರೆ ಯಾರಿಗೆ ತಾನೆ ಸಿಟ್ಟು ಬಾರದು?

ಅವನು ಗ್ಯಾರೇಜಿಗೆ ಮರಳುತ್ತಾನೆ. ಮೆಕ್ಯಾನಿಕ್ ರಬ್ಬರು ಕೊಳವೆಯಿಂದ ಟಾಪಿನ ಮೇಲೆ ಐದು ನಿಮಿಷ ನೀರು ಬಿಡುತ್ತಾನೆ. ಒಂದು ಹನಿಯೂ ಒಳಗಿಳಿಯುವುದಿಲ್ಲ. 'ನೋಡಿ, ಬಟ್ಟೆಯಲ್ಲಿ ದೋಷವಿಲ್ಲ' ಎನ್ನುತ್ತಾನೆ. ಮುಂದಿನ ಮಳೆಗೆ ಮತ್ತೆ ಅದೇ ಕಥೆ. ವಿಚಿತ್ರವೆಂದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಬಟ್ಟೆಯಲ್ಲಿ ನಿಜವಾಗಿಯೂ ದೋಷವಿಲ್ಲ. ಕಾರು ನಿಜವಾಗಿಯೂ ಒದ್ದೆಯಾಗಿದೆ.

ಈ ಒಗಟನ್ನು ಬಿಡಿಸಲು ಒಂದು ವಿಷಯವನ್ನು ತಿಳಿದಿರಬೇಕು. ಇಂಥ ಕಾರನ್ನು ರೂಪಿಸಿದವರು ನೀರನ್ನೆಲ್ಲ ಹೊರಗೇ ತಡೆಯಲು ಹೊರಟವರಲ್ಲ. ಟಾಪಿನ ಹಿಂಭಾಗದಲ್ಲಿ, ಬಟ್ಟೆಯು ಕಾರಿನ ಮೈಯನ್ನು ಸೇರುವೆಡೆ, ಎರಡು ಮಾಡುಗಳು ಕೂಡುವಲ್ಲಿ ತಗಡಿನ ದೋಣಿಯನ್ನಿಟ್ಟಂತೆ ಒಂದು ನೀಳವಾದ ಪಟ್ಟಿಯನ್ನು ಅಳವಡಿಸಿದ್ದಾರೆ. ರೇನ್ ರೈಲ್ ಎಂದು ಅದರ ಹೆಸರು. ಇಳಿದು ಬಂದ ನೀರು ಅದರಲ್ಲಿ ಎಡಕ್ಕೂ ಬಲಕ್ಕೂ ಹರಿದು, ಆಸನಗಳ ಹಿಂದೆ ಎರಡೂ ಮೂಲೆಗಳಲ್ಲಿರುವ ತೂಬುಗಳನ್ನು ಸೇರಿ, ಕೊಳವೆಗಳ ಮೂಲಕ ಹಿಂದಿನ ಚಕ್ರಗಳ ಮುಂಭಾಗದಲ್ಲಿ ನೆಲಕ್ಕೆ ಬೀಳಬೇಕು. ನೀರಿಗೆ ದಾರಿಯನ್ನು ಮಾಡಿಕೊಟ್ಟಿದೆಯೇ ಹೊರತು ಅದರೊಡನೆ ಹೋರಾಟವಿಲ್ಲ.

ಟಾಪನ್ನು ಬದಲಿಸುವಾಗ ಈ ಪಟ್ಟಿಯನ್ನು ಹಿಡಿದಿರುವ ನಟ್ಟುಗಳನ್ನೆಲ್ಲ ಬಿಚ್ಚಬೇಕಾಗುತ್ತದೆ. ಇಪ್ಪತ್ತು ವರ್ಷ ಬಿಸಿಲುಂಡ ಪಟ್ಟಿ ಆಗಲೇ ಸೀಳಬಹುದು. ಸೀಳದಿದ್ದರೂ, ಅದರ ಎರಡು ತುದಿಗಳು ತೂಬಿನ ಬಾಯೊಳಗೆ ಕೂರುವ ಬದಲು ಬೆರಳಗಲ ಆಚೆ ಕುಳಿತರೆ ಸಾಕು, ನೀರು ತೂಬನ್ನು ಬಿಟ್ಟು ಆಸನದ ಹಿಂದಿನ ಹಾಸಿನೊಳಕ್ಕೆ ಇಳಿಯುತ್ತದೆ. ಇನ್ನು ತೂಬಿನಲ್ಲಿ ವರ್ಷಗಳಿಂದ ಕೂಡಿದ ತರಗೆಲೆ, ಧೂಳು, ಹಳೆಯ ಬಟ್ಟೆಯ ನೂಲು ಕಟ್ಟಿಕೊಂಡಿದ್ದರಂತೂ ಹೇಳುವುದೇ ಬೇಡ. ಐದು ನಿಮಿಷದ ಪರೀಕ್ಷೆಯಲ್ಲಿ ಕಟ್ಟಿದ ತೂಬು ತುಂಬುವುದೇ ಇಲ್ಲ. ರಾತ್ರಿಯಿಡೀ ಸುರಿದ ಮಳೆಗೆ ಉಕ್ಕುತ್ತದೆ. ಹಿಂದೆ ನಿಂತ ಆ ನೀರು, ಒಡೆಯ ಬ್ರೇಕು ಹಾಕಿದೊಡನೆ ಮುಂದಕ್ಕೆ ನುಗ್ಗಿ ಅವನ ಪಾದಗಳನ್ನು ತೋಯಿಸುತ್ತದೆ. ಅವನಾದರೋ ಮುಂದಿನ ಗಾಜಿನ ಸಂದನ್ನು ದೂರುತ್ತ ಕೂರುತ್ತಾನೆ.

ಆದ್ದರಿಂದ ಬಲ್ಲವರು ಕೇಳುವ ಮೊದಲ ಪ್ರಶ್ನೆ 'ಎಲ್ಲಿ ಒದ್ದೆಯಾಗಿದೆ?' ಎಂದಲ್ಲ, 'ಈಚೆಗೆ ಏನನ್ನು ಬಿಚ್ಚಿದ್ದಿರಿ?' ಎಂದು. ಮುಂದಿನ ಗಾಜನ್ನು ಬದಲಿಸಿದ್ದರೆ ಅಂಟಿನಲ್ಲಿ ಎಲ್ಲೋ ಎಡೆ ಉಳಿದಿರಬಹುದು. ಹಿಂದಿನ ದೀಪವನ್ನು ತೆಗೆದಿದ್ದರೆ ಅದರ ರಬ್ಬರು ಮಡಿಚಿಕೊಂಡು ಡಿಕ್ಕಿಗೆ ನೀರು ಇಳಿಯಬಹುದು, ಎಂ.ಎಕ್ಸ್.-5ರ ಮೊದಲೆರಡು ಪೀಳಿಗೆಗಳಲ್ಲಿ ಬ್ಯಾಟರಿ ಇರುವುದು ಆ ಡಿಕ್ಕಿಯಲ್ಲೇ. ಬಾಗಿಲನ್ನು ದುರಸ್ತಿ ಮಾಡಿದ್ದರೆ ಇನ್ನೊಂದು ಕುತಂತ್ರವಿದೆ. ಟಾಪು ಮಡಿಸುವ ಕಾರು ಹಾಗಿರಲಿ, ಸಾಮಾನ್ಯ ಕಾರಿಗೂ ಸಲ್ಲುವ ಮಾತಿದು. ಕಿಟಕಿಯ ಗಾಜಿನ ಮೇಲೆ ಇಳಿಯುವ ನೀರಿನಲ್ಲಿ ಒಂದು ಪಾಲು ಬಾಗಿಲಿನ ಹೊಟ್ಟೆಯೊಳಕ್ಕೇ ಹೋಗಿ, ತಳದಲ್ಲಿರುವ ಸಣ್ಣ ರಂಧ್ರಗಳಿಂದ ಹೊರಬೀಳುತ್ತದೆ. ಅದು ಕಾರಿನ ಒಳಗೆ ಬಾರದಂತೆ, ಒಳಗಿನ ಅಲಂಕಾರದ ಹಲಗೆಯ ಹಿಂದೆ ಒಂದು ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಕರಿಯ ಮೇಣದಂಥ ಅಂಟಿನಿಂದ ಅಂಟಿಸಿರುತ್ತಾರೆ. ಕಿಟಕಿಯ ಯಂತ್ರವನ್ನು ರಿಪೇರಿ ಮಾಡಿದವನು ಆ ಹಾಳೆಯನ್ನು ಹರಿದೋ, ಅರ್ಧಂಬರ್ಧ ಅಂಟಿಸಿಯೋ ಕೈತೊಳೆದುಕೊಂಡರೆ ಮುಂದಿನ ಮಳೆಗೆ ಪಾದದ ಬುಡ ಕೆರೆ. ಬಣ್ಣ ಬಳಿದವನು ತಳದ ರಂಧ್ರಗಳನ್ನು ಬಣ್ಣದಿಂದಲೇ ಮುಚ್ಚಿದರೆ ಬಾಗಿಲೇ ಒಂದು ತೊಟ್ಟಿ. ಓಡುವಾಗ ಒಳಗೆ ನೀರು ಕುಲುಕಾಡುವ ಸದ್ದು ಕೇಳಿಸುತ್ತದೆ.

ಪರೀಕ್ಷೆಗೆ ದುಬಾರಿ ಯಂತ್ರಗಳೇನೂ ಬೇಡ, ತಾಳ್ಮೆ ಬೇಕು. ಒಬ್ಬರು ಟಾರ್ಚು ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗೆ ನೀರು ಬಿಡಬೇಕು. ರಭಸವಾಗಿ ಚಿಮ್ಮಿಸಬಾರದು, ಕೆಳಗಿನಿಂದ ಆರಂಭಿಸಿ ಸ್ವಲ್ಪ ಸ್ವಲ್ಪವಾಗಿ ಮೇಲೇರಬೇಕು. ಮೇಲಿನಿಂದಲೇ ಸುರಿದರೆ ಯಾವ ಸಂದು ಸೋರಿತೆಂದು ತಿಳಿಯುವುದೆಂತು? ತೂಬುಗಳಿಗೆ ಒಂದೊಂದು ಲೋಟ ನೀರು ಹಾಕಿ, ಕಾರಿನ ಕೆಳಗೆ ಅಷ್ಟೇ ಬೇಗ ಹೊರಬಂತೇ ಎಂದು ನೋಡಬೇಕು. ಕಟ್ಟಿದ್ದರೆ ಮೃದುವಾದ, ಬಾಗುವ ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಬೇಕು. ಚೂಪಾದ ತಂತಿ ಕೊಳವೆಯನ್ನೇ ಚುಚ್ಚೀತು, ಪಂಪಿನ ಗಾಳಿ ಅದನ್ನು ಬುಡದಿಂದ ಕಳಚೀತು. ಚೌಕಟ್ಟಿಲ್ಲದ ಕಿಟಕಿಯ ಗಾಜು ರಬ್ಬರಿಗೆ ಸರಿಯಾಗಿ ಒತ್ತುತ್ತಿದೆಯೇ ಎಂದು ತಿಳಿಯಲು ನಡುವೆ ಕಾಗದದ ಚೂರನ್ನಿಟ್ಟು ಬಾಗಿಲು ಮುಚ್ಚಿ ಎಳೆದರಾಯಿತು. ಬಿಗಿಯಾಗಿ ಬಂದರೆ ಸರಿ. ಸಲೀಸಾಗಿ ಜಾರಿದರೆ ಅಲ್ಲಿ ಸಂದಿದೆ.

ಮಳೆಯೇ ಇಲ್ಲದ ದಿನವೂ ಒದ್ದೆಯಾದರೆ ಟಾಪನ್ನು ಬೈಯುವುದು ಅನ್ಯಾಯ. ತಿಳಿನೀರಾದರೆ ಹವಾನಿಯಂತ್ರಣದ ತೂಬು ಕಟ್ಟಿರಬಹುದು. ಜಿಡ್ಡಾಗಿ ಸಿಹಿ ವಾಸನೆ ಬಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ ಹೀಟರಿನಿಂದ ಸೋರುತ್ತಿದೆಯೆಂದು ಶಂಕಿಸಬೇಕು.

ಬೇಸತ್ತ ಒಡೆಯರು, ಕೆಲವೊಮ್ಮೆ ಬೇಸತ್ತ ಮೆಕ್ಯಾನಿಕ್ಕರೂ, ಸಿಲಿಕೋನ್ ಅಂಟಿನ ಟ್ಯೂಬು ಹಿಡಿದು ಕಂಡ ಸಂದಿಗೆಲ್ಲ ಮೆತ್ತುವುದುಂಟು. ಇದಕ್ಕಿಂತ ಕೆಟ್ಟ ಉಪಾಯ ಇನ್ನಿಲ್ಲ. ನೀರು ಹೊರಗೆ ಹೋಗುವ ರಂಧ್ರವೂ ಅದರಲ್ಲಿ ಮುಚ್ಚಿಹೋಗುತ್ತದೆ. ವಿನೆಗರಿನ ವಾಸನೆ ಬೀರುವ ಬಗೆಯ ಅಂಟು ಬರಿಯ ಕಬ್ಬಿಣಕ್ಕೆ ತುಕ್ಕು ಹಿಡಿಸಬಲ್ಲದು.

ತುಕ್ಕೇ ಇಲ್ಲಿ ನಿಜವಾದ ಶತ್ರು. ಒದ್ದೆ ಕಾಲುಚೀಲವನ್ನು ಒಣಗಿಸಬಹುದು. ಆದರೆ ತಗಡಿನ ಮಾಡಿಲ್ಲದ ಕಾರಿಗೆ ಬೆನ್ನೆಲುಬಾಗಿರುವುದು ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯುವ ಟೊಳ್ಳು ತೊಲೆಗಳು, ಅಂದರೆ ಅದರ ಹೊಸ್ತಿಲುಗಳು. ಕಟ್ಟಿದ ತೂಬಿನ ನೀರು ಕೊನೆಗೆ ಸೇರುವುದು ಅವುಗಳ ಒಡಲಿಗೇ. ಎಂ.ಎಕ್ಸ್.-5 ಕಾರುಗಳಲ್ಲಿ ಹಿಂದಿನ ಚಕ್ರದ ಮುಂದಿನ ಭಾಗ ಒಳಗಿನಿಂದಲೇ ಕೊರೆದು ಹೋಗುವುದು ಕುಖ್ಯಾತವಾದ ಸಂಗತಿ. ಹೊರಗಿನ ಬಣ್ಣದಲ್ಲಿ ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗೆ ಬಹಳಷ್ಟು ಸವೆದಿರುತ್ತದೆ. ಬ್ರಿಟನ್ನಿನಲ್ಲಿ 1960ರಿಂದ ನಡೆದುಬಂದಿರುವ ಕಡ್ಡಾಯ ಪರೀಕ್ಷೆಯಲ್ಲಿ ಇಂಥ ಜಾಗದ ತುಕ್ಕು ಕಂಡರೆ ಕಾರನ್ನು ಅನುತ್ತೀರ್ಣಗೊಳಿಸುತ್ತಾರೆ. ಕತ್ತರಿಸಿ ಹೊಸ ತಗಡು ಬೆಸೆಯುವ ಖರ್ಚು ಕೆಲವೊಮ್ಮೆ ಕಾರಿನ ಬೆಲೆಯನ್ನೇ ಮೀರುತ್ತದೆ. ಬೆರಳಗಲ ಆಚೆ ಕುಳಿತ ಪಟ್ಟಿಯಿಂದ ಇಷ್ಟು ದೂರ!

ಸೋರಿಕೆ ಸಿಕ್ಕಿ ಸರಿಪಡಿಸಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ನೆಲಹಾಸಿನ ಅಡಿಯಲ್ಲಿರುವ ದಪ್ಪನೆಯ ಸ್ಪಂಜು ವಾರಗಟ್ಟಲೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೇಲ್ಗಡೆ ಕೈಯಾಡಿಸಿದರೆ ಒಣಗಿದಂತೆಯೇ ತೋರುತ್ತದೆ. ಬೆಳಗಾದರೆ ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿರುತ್ತದೆ. ಆಸನಗಳನ್ನು ಕಳಚಿ, ಹಾಸನ್ನು ಪೂರ್ತಿಯಾಗಿ ಹೊರತೆಗೆದು, ನೆರಳುಗಾಳಿಯಲ್ಲಿ ದಿನಗಟ್ಟಲೆ ಒಣಗಿಸಬೇಕು. ಅದನ್ನು ಆ ಕೂಡಲೆ ಮರಳಿ ಹಾಸದಿರುವುದೇ ಜಾಣತನ. ಒಂದು ಒಳ್ಳೆಯ ಮಳೆ ಸುರಿದು ಹೋಗುವವರೆಗೂ ಬರಿಯ ತಗಡಿನ ಮೇಲೆ ಹಳೆಯ ವರ್ತಮಾನ ಪತ್ರಿಕೆಗಳನ್ನು ಹರಡಿಟ್ಟರೆ, ಎಲ್ಲಾದರೂ ಇನ್ನೊಂದು ಹನಿ ಬಿದ್ದಿದ್ದರೂ ಕಾಗದದ ಮೇಲೆ ಕಲೆ ಕಾಣುತ್ತದೆ.