ನಿಮಗಿದು ಗೊತ್ತೇ? ಮರಿಗೆ ಹಲ್ಲು ಬಂದಾಗ

● ಹಂಪಿಯ ಕಥೆ ಶುರುವಾಗುವುದೇ ಕಚ್ಚಾಟದಿಂದ. ಬೇಟೆನಾಯಿಗಳ ಮೇಲೆ ಮೊಲ ತಿರುಗಿಬಿದ್ದ ಐತಿಹ್ಯ ನಮ್ಮ ಭಾಗದ ಮಕ್ಕಳಿಗೂ ಗೊತ್ತು. 1530ರ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟ ಕಥೆಯಲ್ಲಿ ಆ ಮೊಲ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ನಾಯಿಗಳನ್ನೆಲ್ಲ ಕಚ್ಚಿ, ಒಂದೂ ಹತ್ತಿರ ಸುಳಿಯದಂತೆ ಮಾಡುತ್ತದೆ.

● ಯುರೋಪಿನ ಮೊಲಗಳಿಗೆ ಇಂಥ ಅದೃಷ್ಟವಿರಲಿಲ್ಲ. ಬಿಲಕ್ಕೇ ನುಗ್ಗಿ ಅವನ್ನು ಹೊರಗಟ್ಟಲು ಅಲ್ಲಿನವರು ಸುಮಾರು ಎರಡು ಸಾವಿರ ವರ್ಷಗಳಿಂದ ಫೆರೆಟ್ ಎಂಬ ನೀಳ ಮೈಯ ಪುಟ್ಟ ಪ್ರಾಣಿಯನ್ನು ಸಾಕುತ್ತಿದ್ದಾರೆ. ಈಗ ಅದು ಮುದ್ದಿನ ಸಾಕುಪ್ರಾಣಿ. ದಿನಕ್ಕೆ 14 ಗಂಟೆಗೂ ಹೆಚ್ಚು ನಿದ್ದೆ ಹೊಡೆಯುತ್ತದೆ.

● ನೋಡಲು ಮುಂಗುಸಿಯಂತಿದ್ದರೂ ಫೆರೆಟ್ ಅದರ ನೆಂಟನಲ್ಲ. ಅದರ ದಾಯಾದಿ ನಮ್ಮ ಹೊಳೆಯಲ್ಲೇ ಇದೆ: ನೀರುನಾಯಿ! ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಉದ್ದದ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. ಬಲೆ ಹರಿದು ಮೀನು ಕದಿಯುತ್ತವೆಂದು ಮೀನುಗಾರರು ಶಪಿಸುವುದುಂಟು, ಅವರ ಸಿಟ್ಟಿಗೂ ಅರ್ಥವಿದೆ. ಆದರೆ ದಡದಲ್ಲಿ ಮರಿ ಸಿಕ್ಕಿತೆಂದು ಮನೆಗೆ ತಂದರೆ ಅದು ವನ್ಯಜೀವಿ ಕಾಯ್ದೆಯಡಿ ಅಪರಾಧ. ಮುಂಗುಸಿ ಮರಿಗೂ ಇದೇ ಮಾತು. ಅರಣ್ಯ ಇಲಾಖೆಗೆ ತಿಳಿಸಿ, ದೂರ ನಿಲ್ಲಿ. ತಾಯಿ ಹೆಚ್ಚಾಗಿ ಅಲ್ಲೇ ಎಲ್ಲೋ ಇರುತ್ತದೆ.

● ಫೆರೆಟ್ ಮರಿ ಕಚ್ಚುವುದು ಸಿಟ್ಟಿಗಲ್ಲ. ಒಡಹುಟ್ಟಿದವು ಆಟವಾಡುವಾಗ ಒಂದರ ಕುತ್ತಿಗೆಯನ್ನು ಇನ್ನೊಂದು ಕಚ್ಚಿ ಎಳೆದಾಡುತ್ತವೆ. ಅವುಗಳ ತೊಗಲು ದಪ್ಪ, ನೋವಾಗುವುದಿಲ್ಲ. ಮನುಷ್ಯರ ಬೆರಳು ಹಾಗಲ್ಲವೆಂದು ಮರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ. ಅದಕ್ಕೆ ಹೇಳುವ ರೀತಿ ಹೀಗೆ: ಕಚ್ಚಿದ ತಕ್ಷಣ ಆಟ ನಿಲ್ಲಿಸಿ, ಆಟಿಕೆಯಿಲ್ಲದ ಕಡೆ ಎರಡು-ಮೂರು ನಿಮಿಷ ಒಂಟಿಯಾಗಿ ಬಿಡುವುದು. ಹೊಡೆದರೆ ಹೆದರುತ್ತದೆ, ಹೆದರಿದ ಮರಿ ಇನ್ನೂ ಜೋರಾಗಿ ಕಚ್ಚುತ್ತದೆ. ಎತ್ತಿಕೊಂಡಾಗ ಕಚ್ಚಿತೆಂದು ಗಾಬರಿಯಲ್ಲಿ ಕೆಳಗಿಳಿಸಿ ಓಡಾಡಲು ಬಿಟ್ಟಿರೋ, ಕಚ್ಚಿದರೆ ಕೆಳಗಿಳಿಸುತ್ತಾರೆ ಎಂಬ ಪಾಠವನ್ನು ನೀವೇ ಕಲಿಸಿದ ಹಾಗೆ.

● ನಿಮ್ಮ ಫ್ಲೂ ಫೆರೆಟ್‌ಗೂ ಅಂಟುತ್ತದೆ. 1933ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನು ಪತ್ತೆ ಮಾಡಿದ್ದೇ ಫೆರೆಟ್‌ಗಳ ನೆರವಿನಿಂದ.

● ಉಷ್ಣಾಂಶ 30 ಡಿಗ್ರಿ ದಾಟಿದರೆ ಫೆರೆಟ್‌ನ ಜೀವಕ್ಕೇ ಕುತ್ತು. ನಮ್ಮ ಹೊಸಪೇಟೆಯ ಏಪ್ರಿಲ್ 40ರ ಹತ್ತಿರ ಆಡುತ್ತದೆ. ಆನ್‌ಲೈನ್ ವಿಡಿಯೊ ನೋಡಿ ಆಸೆಪಡುವವರು ಕರೆಂಟ್ ಹೋಗುವ ಮಧ್ಯಾಹ್ನಗಳನ್ನೂ ಒಮ್ಮೆ ನೆನೆಯಬೇಕು. ಇಲ್ಲಿಗೆ ನಾಯಿಮರಿಯೇ ಸರಿ.

● ನಾಯಿಮರಿಗೆ ಹಾಲುಹಲ್ಲು 28, ದೊಡ್ಡದಾದ ಮೇಲೆ 42. ಸೂಜಿಯಂಥ ಹಾಲುಹಲ್ಲು ಉದುರಿ ಹೊಸವು ಬರುವುದು ಮೂರರಿಂದ ಏಳು ತಿಂಗಳೊಳಗೆ. ಆಗ ಒಸಡು ನವೆಯುವುದರಿಂದ ಚಪ್ಪಲಿ, ಚಾಪೆ, ಬೆರಳು ಎಲ್ಲವೂ ಒಂದೇ.

● ಎಷ್ಟು ಜೋರಾಗಿ ಕಚ್ಚಬಹುದು ಎಂಬ ಲೆಕ್ಕವನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದವುಗಳ ಹತ್ತಿರ. ಜೋರಾಗಿ ಕಚ್ಚಿದರೆ ಇನ್ನೊಂದು ಮರಿ ಕುಂಯ್ ಎಂದು ಆಟ ಬಿಟ್ಟು ಹೋಗುತ್ತದೆ. ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದು 2017ರ ನಾಯಿ ತಳಿ ಸಂವರ್ಧನೆ ನಿಯಮಗಳು ಹೇಳುವುದು ಸುಮ್ಮನೆ ಅಲ್ಲ. ಇನ್ನೂ ತಾಯಿ ಹಾಲು ಕುಡಿಯುವ ಮರಿಯನ್ನು ‘ಚಿಕ್ಕದಿದ್ದರೆ ಚೆನ್ನಾಗಿ ಹೊಂದಿಕೊಳ್ತದೆ’ ಎಂದು ಕೊಡುವವರಿದ್ದಾರೆ. ತಗೋಬೇಡಿ.

● ಅಂಗಳದಲ್ಲಿ ಮರಿ ಅಜ್ಜನ ಲುಂಗಿಯ ಅಂಚಿಗೆ ಜೋತುಬಿದ್ದಿರುತ್ತದೆ. ಅಜ್ಜ ಕಾಲು ಕೊಡವುತ್ತಾರೆ, ಮೊಮ್ಮಕ್ಕಳು ‘ಛೂ ಛೂ’ ಎನ್ನುತ್ತಾರೆ, ಮರಿ ಗುರ್ ಎಂದು ಇನ್ನಷ್ಟು ಎಳೆಯುತ್ತದೆ. ಮನೆಗೆಲ್ಲ ನಗು. ಆರು ತಿಂಗಳಾದ ಮೇಲೆ ಅದೇ ಆಟ ಪಕ್ಕದ ಮನೆಯ ಕೂಸಿನ ಲಂಗಕ್ಕೆ ತಿರುಗುತ್ತದೆ, ಆಗ ‘ಈ ನಾಯಿ ಕಚ್ತದೆ, ಎಲ್ಲಾದ್ರೂ ಬಿಟ್ಟುಬರ್ರಿ’ ಎಂಬ ತೀರ್ಪು. ಲುಂಗಿ ಹಿಡಿದಾಗ ಮಾಡಬೇಕಿದ್ದುದು ಇಷ್ಟೇ: ಅಲ್ಲಾಡದೆ ನಿಲ್ಲುವುದು, ಬಿಟ್ಟ ಕೂಡಲೇ ಹಗ್ಗದ ಗಂಟೊಂದನ್ನು ಮುಂದಿಡುವುದು. ಎಳೆದುಕೊಂಡರೆ ಅದಕ್ಕೆ ಅಟ್ಟುವ ಆಟ. ಮನೆಮಂದಿಯೆಲ್ಲ ಒಂದೇ ಥರ ನಡೆದುಕೊಳ್ಳಬೇಕು, ಕಷ್ಟವಿರುವುದು ಅಲ್ಲೇ.

● ಮರಿಯ ಹಲ್ಲು ತಾಗಿ ರಕ್ತ ಬಂದರೂ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಸುಣ್ಣ, ಖಾರದಪುಡಿ ಬೇಡವೇ ಬೇಡ.

● ಸಂಡೂರನ್ನು ಆಳಿದ್ದೂ ಘೋರ್ಪಡೆ ಮನೆತನ, ಮುಧೋಳವನ್ನು ಆಳಿದ್ದೂ ಘೋರ್ಪಡೆ ಮನೆತನ. ಆ ಊರಿನ ಹೆಸರು ಹೊತ್ತು 2005ರಲ್ಲಿ ಅಂಚೆಚೀಟಿ ಏರಿದ ಮುಧೋಳ ನಾಯಿ ಓಡುವುದನ್ನು ಕಂಡರೆ ಅಟ್ಟುವ ಬೇಟೆ ತಳಿ. ಬಯಲಿಲ್ಲದ ಬಾಡಿಗೆ ಮನೆಗೆ ತಂದು, ವರ್ಷದೊಳಗೆ ‘ಯಾರಾದ್ರೂ ತಗೊಳ್ತೀರಾ’ ಎಂದು ಕೇಳುವುದಕ್ಕಿಂತ ತರದಿರುವುದೇ ಮೇಲು.

● ಕಚ್ಚದಂತೆ ಮಾಡುವ ಹಳೆಯ ದಾರಿಯೊಂದಿತ್ತು. ಕರಡಿ ಕುಣಿಸುವವರು ಮರಿಯ ಮೂಗು ಚುಚ್ಚಿ ಹಗ್ಗ ಪೋಣಿಸಿ, ಕೋರೆಹಲ್ಲು ಕೀಳಿಸುತ್ತಿದ್ದರು. 1994ರಲ್ಲಿ ದರೋಜಿ ಕರಡಿಧಾಮವಾದರೂ, ಹೀಗೆ ಹಲ್ಲು ಕಳೆದುಕೊಂಡ ಕರಡಿಗಳನ್ನು ಯಾವ ಕಾಡಿಗೂ ಮರಳಿ ಬಿಡುವಂತಿರಲಿಲ್ಲ. ಬನ್ನೇರುಘಟ್ಟದಂಥ ಪುನರ್ವಸತಿ ಕೇಂದ್ರಗಳೇ ಅಂಥವಕ್ಕೆ ಕೊನೆತನಕದ ಮನೆ.

● ಸಾಕಿದ ಪ್ರಾಣಿಯನ್ನು ಹಸಿವು-ನೀರಡಿಕೆಯಿಂದ ನರಳುವ ಹಾಗೆ ಕಾರಣವಿಲ್ಲದೆ ಬಿಟ್ಟುಹೋದರೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಮೊದಲ ಸಲದ ದಂಡ 10ರಿಂದ 50 ರೂಪಾಯಿ! ಒಂದು ಪ್ಲೇಟು ಒಗ್ಗರಣಿ-ಮಿರ್ಚಿಯ ಲೆಕ್ಕ.

● ನಾಯಿಯನ್ನು ಬೇರೆ ಮನೆಗೆ ಕೊಡಲೇಬೇಕಾದರೆ ಲಸಿಕೆ ಚೀಟಿ, ತಿನ್ನುವ ಊಟದ ವಿವರ, ಮಲಗುವ ಹಳೇ ಗೋಣಿಚೀಲ ಎಲ್ಲವನ್ನೂ ಜೊತೆಗೆ ಕೊಡಿ. ವಯಸ್ಸಿಗೆ ಬಂದಿದ್ದರೆ ಸಂತಾನಹರಣ ಮಾಡಿಸಿಯೇ ಕೊಡಿ. ಕಚ್ಚುವ ಚಾಳಿ ಮುಚ್ಚಿಡಬೇಡಿ: ಯಾರಿಗೆ, ಯಾವಾಗ, ಊಟದ ತಟ್ಟೆ ಮುಟ್ಟಿದಾಗಲೋ ನಿದ್ದೆಯಿಂದ ಎಬ್ಬಿಸಿದಾಗಲೋ, ಎಲ್ಲ ಹೇಳಿ. ಎರಡು ವಾರದಲ್ಲಿ ಹೊಂದದಿದ್ದರೆ ನಾವೇ ವಾಪಸ್ ಕರೆದುಕೊಳ್ಳುತ್ತೇವೆ ಎಂಬ ಮಾತೂ ಇರಲಿ.

● ಸಂಡೂರಿನ ಗುಡ್ಡಕ್ಕೋ ದರೋಜಿ ದಾರಿಗೋ ನಾಯಿಯನ್ನು ಬಿಟ್ಟುಬರುವುದು ಅದೊಂದಕ್ಕೆ ಮಾಡುವ ಅನ್ಯಾಯವಷ್ಟೇ ಅಲ್ಲ. ಲಸಿಕೆಯಿಲ್ಲದ ನಾಯಿಯಿಂದ ಹರಡುವ ಡಿಸ್ಟೆಂಪರ್ ರೋಗ ನರಿ, ತೋಳಗಳಿಗೂ ತಗಲುತ್ತದೆ. ಫೆರೆಟ್‌ಗೆ ತಗಲಿದರಂತೂ ಬದುಕುವುದೇ ಅಪರೂಪ. ನಾಯಿಮರಿಗೆ ಆರೆಂಟು ವಾರವಾದಾಗ ಶುರುವಾಗುವ ಲಸಿಕೆ ಸರಣಿಯಲ್ಲಿ ಡಿಸ್ಟೆಂಪರ್‌ಗೂ ರಕ್ಷಣೆಯಿದೆ. ರೇಬೀಸ್ ಲಸಿಕೆ ಬೇರೆ, ಅದು ಮೂರು ತಿಂಗಳಿಗೆ.