ಮುಂಗೈ ಮೇಲಿನ ತುಳಸಿಗಿಡ

ಹಚ್ಚೆಗೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಣಚಿಬೊಟ್ಟು ಎನ್ನುತ್ತಾರೆ. ಶಿಗ್ಗಾವಿ ತಾಲ್ಲೂಕಿನ ತಡಸದಲ್ಲಾಗಲಿ, ಹಾನಗಲ್ಲ, ಸವಣೂರು, ಹಿರೇಕೆರೂರು ಸೀಮೆಯಲ್ಲಾಗಲಿ ವಯಸ್ಸಾದ ಹೆಂಗಸರ ಹಣೆ, ಗದ್ದ, ಮುಂಗೈಗಳ ಮೇಲೆ ಅದು ಇಂದಿಗೂ ಕಾಣುತ್ತದೆ. ಅದರ ಅರ್ಥ ತಿಳಿಯಬೇಕಾದರೆ ಚಿತ್ರವೊಂದನ್ನೇ ನೋಡಿದರೆ ಸಾಲದು. ಮೈಯ ಯಾವ ಜಾಗದಲ್ಲಿ, ಯಾವ ವಯಸ್ಸಿನಲ್ಲಿ, ಯಾರು ಹಾಕಿಸಿದ್ದು ಎಂಬುದನ್ನೂ ಕೇಳಬೇಕು.

ಹಚ್ಚೆ ಹಾಕುವ ಕಸುಬು ಹೆಚ್ಚಾಗಿ ಕೊರವರ ಹೆಣ್ಣುಮಕ್ಕಳದು. ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರ ಹೆಂಗಸರಲ್ಲೂ ಇದು ಇತ್ತು. ಎರಡು ಮೂರು ಸೂಜಿಗಳನ್ನು ದಾರದಿಂದ ಬಿಗಿದು, ದೀಪದ ಕಾಡಿಗೆಗೆ ಸೊಪ್ಪಿನ ರಸವನ್ನೋ ಎದೆಹಾಲನ್ನೋ ಬೆರೆಸಿ ಚುಚ್ಚುತ್ತಿದ್ದರು. ಹುಡುಗಿ ನೋವು ಮರೆಯಲೆಂದು ಹಾಡುತ್ತಿದ್ದರು. ಆಮೇಲೆ ಅರಿಸಿನ ಬಳಿಯುತ್ತಿದ್ದರು. ಕೂಲಿಗೆ ಕಾಳು, ಹಳೆಯ ಸೀರೆ. ಮಸಿ ಕಪ್ಪಗಿದ್ದರೂ ಗಾಯ ಮಾಗಿದ ಮೇಲೆ ಹಚ್ಚೆ ಹಸಿರು-ನೀಲಿಯಾಗಿ ಕಾಣುವುದು ಬೆಳಕಿನಿಂದ. ಮಸಿ ಒಳಚರ್ಮದಲ್ಲಿ ಕೂತಿರುತ್ತದೆ, ಮೇಲಿನ ಪದರ ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತದೆ.

ಮುಂಗೈಯ ತುಳಸಿಕಟ್ಟೆಯನ್ನು ಹತ್ತಿರದಿಂದ ನೋಡಬೇಕು: ಕೆಳಗೊಂದು ಚೌಕ, ಅದರ ಮೇಲೆ ಕವಲೊಡೆದ ಗಿಡ, ಸುತ್ತ ಚುಕ್ಕಿಗಳು. ಅಂಗಳದ ರಂಗೋಲಿಯೇ ಮೈಗೆ ಇಳಿದು ಬಂದಂತಿದೆ. ತುಳಸಿ ಮುತ್ತೈದೆತನದ ಗುರುತು, ಬಾಸಿಂಗ ಮದುವೆಯದು, ತೊಟ್ಟಿಲು ಸಂತಾನದ ಹರಕೆ. ಚೇಳಿನ ಹಚ್ಚೆ ಇದ್ದರೆ ಚೇಳು ಕಡಿಯದು, ಕಡಿದರೂ ವಿಷ ಏರದು ಎಂಬ ನಂಬಿಕೆ. ಅದೇ ಚೇಳು ಜನಪದದಲ್ಲಿ ಹರೆಯದ ಉರಿಯನ್ನೂ ಸೂಚಿಸುತ್ತದೆ. ಹಣೆಯ, ಗದ್ದದ ಚುಕ್ಕಿ ದೃಷ್ಟಿ ತಾಗದಿರಲೆಂದು, ಚೆಲುವಿಗೆಂದೂ ಹೌದು. ಗಂಡಸರು ಬಲತೋಳಿಗೆ ಹನುಮಂತನನ್ನು ಹಾಕಿಸಿಕೊಂಡದ್ದು ಬಲಕ್ಕಾಗಿ.

ಹೆಸರಿನ ಹಚ್ಚೆಯ ಮಾತೇ ಬೇರೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದೆ ಒಡಪಿನಲ್ಲಿ ಮರೆಸಿ ಹೇಳುವ ಸೀಮೆಯಿದು. ಅಂಥಲ್ಲಿ ಅದೇ ಹೆಸರು ಮುಂಗೈ ಮೇಲೆ ಎಲ್ಲರಿಗೂ ಕಾಣುವಂತೆ ಇರುತ್ತದೆ, ಎಷ್ಟೋ ಸಲ ಅದನ್ನು ಓದಲು ಬಾರದವಳ ಕೈಮೇಲೆ. ಮದುವೆಗೆ ಮುಂಚೆ ತವರಲ್ಲಿ ಹಾಕಿಸಿಕೊಂಡ ಹಚ್ಚೆಗೆ ಇನ್ನೊಂದು ತೂಕವಿದೆ. ಒಡವೆಯನ್ನು ಅಡವಿಡಬಹುದು, ಕಿತ್ತುಕೊಳ್ಳಬಹುದು, ಸತ್ತಾಗ ಬಿಚ್ಚಿಡುತ್ತಾರೆ; ಹೆಣ್ಣಿನ ಸಂಗಡ ಹೋಗುವುದು ಹಚ್ಚೆಯೊಂದೇ ಎನ್ನುತ್ತಾರೆ. ಆಸ್ತಿಪತ್ರದಲ್ಲಿ ಹೆಸರಿಲ್ಲದ ಹೆಂಗಸರಿಗೆ ಇದು ಸಣ್ಣ ಮಾತಲ್ಲ. ಈ ತಲೆಮಾರು ಇರುವಾಗಲೇ ಚಿತ್ರಗಳನ್ನೂ ಅವುಗಳ ಕಥೆಯನ್ನೂ ದಾಖಲಿಸಬೇಕು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಇದಕ್ಕಿಂತ ತುರ್ತಾದ ಕೆಲಸ ಅದಕ್ಕೆ ಹೆಚ್ಚಿರಲಾರದು.

ಇಂದಿನ ಹುಡುಗರು ಹುಬ್ಬಳ್ಳಿಯಂಥ ಪೇಟೆಗಳಲ್ಲಿ ಹಾಕಿಸುವ ಟ್ಯಾಟೂ ಯಂತ್ರದ್ದು. ವಿದ್ಯುತ್ ಯಂತ್ರಕ್ಕೆ ಸ್ಯಾಮ್ಯುಯೆಲ್ ಓ'ರೈಲಿ ನ್ಯೂಯಾರ್ಕಿನಲ್ಲಿ 1891ರಲ್ಲಿ ಪೇಟೆಂಟ್ ಪಡೆದ. ತ್ರಿಶೂಲ, ಓಂ, ಅವ್ವನ ಹೆಸರು ಈಗಲೂ ಇವೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಬಳಿಕ ಎಷ್ಟೋ ಅಭಿಮಾನಿಗಳು ಅವರ ಮುಖವನ್ನು ಎದೆ, ತೋಳುಗಳ ಮೇಲೆ ಬರೆಸಿಕೊಂಡರು. ಹೊರಗಿನಿಂದ ಬಂದ ಚಿತ್ರಗಳಲ್ಲಿ ಲಂಗರು ನಾವಿಕರದು, ಸ್ಥಿರತೆಯ ಗುರುತು. ನ್ಯೂಜಿಲೆಂಡಿನ ಮಾವೊರಿಗಳ ಸುರುಳಿ ಗೆರೆಗಳು ವಂಶಾವಳಿಯನ್ನೇ ಹೇಳುತ್ತವೆ. ಅಂದವೆಂದು ಅವನ್ನು ನಕಲು ಮಾಡಿಸಿದರೆ ಬೇರೊಬ್ಬರ ಮನೆತನವನ್ನು ಹೊತ್ತಂತಾಗುತ್ತದೆ.

ಟ್ಯಾಟೂ ಹಾಕಿಸುವಾಗ ಸೂಜಿ ಹೊಸದಾಗಿರಬೇಕು, ಒಬ್ಬರಿಗೆ ಬಳಸಿದ ಸೂಜಿಯಿಂದ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಹರಡಬಲ್ಲವು. ಸೇನೆಗೆ ಸೇರಬಯಸುವವರು ಜಾಗವನ್ನೂ ನೋಡಿಕೊಳ್ಳಬೇಕು. ಭಾರತೀಯ ಸೇನೆಯ ಭರ್ತಿಯಲ್ಲಿ ಸಾಮಾನ್ಯವಾಗಿ ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗ ಮತ್ತು ಅಂಗೈಯ ಹಿಂಬದಿಯ ಹಚ್ಚೆಗೆ ಮಾತ್ರ ಒಪ್ಪಿಗೆಯಿದೆ. ಬುಡಕಟ್ಟು ಸಮುದಾಯಗಳ ಸಾಂಪ್ರದಾಯಿಕ ಹಚ್ಚೆಗೆ ವಿನಾಯಿತಿ ಉಂಟು.